ಪಕ್ಕದ ತಾರಸಿಯವರ ಚೀಗಾಂಗ್

ಬಲಭುಜ ಹಿಡಿದುಕೊಂಡ ವರ್ಷ ನಾನು ಲೆಕ್ಕಗಳನ್ನೆಲ್ಲ ಬೋರ್ಡಿನ ಕೆಳಗಿನ ಅರ್ಧದಲ್ಲೇ ಬರೆಯುತ್ತಿದ್ದೆ. ಕೈ ಅದಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಹಿಂದಿನ ಬೆಂಚಿನ ಮಕ್ಕಳು ಎದ್ದು ನಿಂತು ಬರೆದುಕೊಳ್ಳುತ್ತಿದ್ದರು. ಹೊನ್ನಾಳಿಯಿಂದ ನ್ಯಾಮತಿಯ ಶಾಲೆಗೆ ಹೋಗುವ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಲಾಗದೆ, ಕೂತವರ ಮೇಲೆ ವಾಲಿ ಬೈಸಿಕೊಂಡದ್ದೂ ಉಂಟು. ಬೆಳಿಗ್ಗೆ ನನ್ನ ಜಡೆ ಹಾಕುವ ಕೆಲಸ ಯಜಮಾನರ ಪಾಲಿಗೆ ಬಂದಿತ್ತು. ಆ ಜಡೆ ನೋಡಿದ ಸಹೋದ್ಯೋಗಿಯೊಬ್ಬರು, "ನಿಮ್ಮನೇಲಿ ಹಗ್ಗ ಹೊಸೆಯೋರು ಯಾರ್ರೀ?" ಎಂದು ಕೇಳಿದ್ದರು.

ಶಿವಮೊಗ್ಗಕ್ಕೆ ಫಿಸಿಯೋಥೆರಪಿಗೆ ಹೋಗುತ್ತಿದ್ದಾಗ ಪರಿಚಯವಾದ ನಿವೃತ್ತ ನರ್ಸ್ ಒಬ್ಬರು ಚೀಗಾಂಗ್ ಹೇಳಿಕೊಟ್ಟರು. ಚೀನಾದ ತಾವೋ ಪಂಥದವರು ಹಿಂದಿನಿಂದ ಮಾಡಿಕೊಂಡು ಬಂದದ್ದಂತೆ. ಮೊಣಕಾಲು ಸ್ವಲ್ಪ ಸಡಿಲಿಸಿ, ದೊಡ್ಡ ಮರವೊಂದನ್ನು ತಬ್ಬಿದ ಹಾಗೆ ಕೈಗಳನ್ನು ಎದೆಯ ಮುಂದೆ ದುಂಡಗೆ ಹಿಡಿದು ಸುಮ್ಮನೆ ನಿಲ್ಲಬೇಕು. ಉಸಿರು ಹೊಟ್ಟೆಯ ತನಕ ಇಳಿಯಬೇಕು. ಆಮೇಲೆ ಉಸಿರಿನ ಜೊತೆಗೇ ಕೈಗಳು ನೀರಿನೊಳಗೆ ಆಡಿಸಿದಷ್ಟು ನಿಧಾನವಾಗಿ ಮೇಲಕ್ಕೆ, ಕೆಳಕ್ಕೆ. "ನೋವು ಬಂದ ಕಡೆ ನಿಲ್ಲಿಸ್ರಿ, ಅದರ ಜೊತೆ ಜಗಳ ಆಡಬ್ಯಾಡ್ರಿ. ಡಾಕ್ಟ್ರು ಹೇಳಿದ್ದನ್ನೂ ಬಿಡಬ್ಯಾಡ್ರಿ" ಎಂದಿದ್ದರು.

ಮನೆಯೊಳಗೆ ಜಾಗವಿಲ್ಲದ್ದರಿಂದ ತಾರಸಿ ಹತ್ತಿದೆ. ನಮ್ಮ ತಾರಸಿಗೂ ಪಕ್ಕದ ಮನೆಯ ತಾರಸಿಗೂ ನಡುವೆ ಮೊಣಕಾಲೆತ್ತರದ ಗೋಡೆ. ಆ ಕಡೆ ಪಕ್ಕದ ಮನೆಯ ಅಜ್ಜಿ ಸಂಡಿಗೆ ಹಾಕುತ್ತಿದ್ದರು. ನಾನು ಕಣ್ಣು ಮುಚ್ಚಿ ನಿಂತು ಸ್ವಲ್ಪ ಹೊತ್ತಾಗಿರಬೇಕು, ಕಿವಿಯ ಹತ್ತಿರವೇ ಅವರ ದನಿ ಕೇಳಿತು.

"ಏನವ್ವಾ ಟೀಚರ್, ಯಾರನ್ನ ತಬ್ಕೊಂಡು ನಿಂತೀಯ?"

"ಮರಾನ, ಅಜ್ಜಿ."

"ಮರ ಎಲ್ಲೈತೆ?"

"ಐತೆ ಅಂದ್ಕೋಬೇಕು. ಇದು ಚೀಗಾಂಗ್ ಅಂತ, ಮೈಗೆ ಒಳ್ಳೇದು."

"ಗಂಗಮ್ಮನಾ? ಯಾವೂರ ಗಂಗಮ್ಮ?"

"ಚೀನಾದ್ದು ಅಜ್ಜಿ" ಎಂದು ಹೇಳಿ ಮತ್ತೆ ಕಣ್ಣು ಮುಚ್ಚಿದೆ.

ಸಂಜೆ ಚಹಾ ಅಂಗಡಿಯಿಂದ ಬಂದ ಯಜಮಾನರು ಚಪ್ಪಲಿ ಬಿಡುವ ಮೊದಲೇ ಕೇಳಿದರು: "ಚೀನಾದೋನ್ನ ಯಾರನ್ನೋ ತಾರಸಿ ಮ್ಯಾಲೆ ತಬ್ಕೊಂಡು ನಿಂತಿದ್ಯಂತೆ?"

ಮರುದಿನ ಅಜ್ಜಿ ಗೋಡೆ ದಾಟಿ ಬಂದು ನನ್ನ ಪಕ್ಕದಲ್ಲೇ ನಿಂತರು. ತಬ್ಬಿಕೊಂಡು ನಿಲ್ಲುವುದು ಬಂತು, ಉಸಿರೂ ಬಂತು. ಕಣ್ಣು ಮುಚ್ಚುವುದು ಮಾತ್ರ ಬರಲೇ ಇಲ್ಲ. ಒಂದು ಕಣ್ಣು ಬೀದಿಯ ಮೇಲೆ. ನಾನು "ಉಸಿರು ಬಿಡ್ರಿ" ಎಂದರೆ ಉಸಿರಿನ ಜೊತೆಗೇ, "ಮೂಲೆ ಮನೆಯೋರು ಹೊಸ ಫ್ರಿಜ್ಜು ಇಳಿಸ್ತಿದಾರೆ ನೋಡು" ಎಂಬ ಸುದ್ದಿಯೂ ಹೊರಬರುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಅವರ ಸೊಸೆ ಕೆಳಗಿನಿಂದ ಕೂಗಿದರು. "ಅತ್ತೇ, ಬೆಳ್ಳುಳ್ಳಿ ಸುಲಿದು ಕೊಡ್ರಿ!"

ಅಜ್ಜಿ ಮಿಸುಕಲಿಲ್ಲ. ಇನ್ನೆರಡು ಸಲ ಕೂಗು ಬಂತು. ನಾನು ಅವರ ಕಡೆ ನೋಡಿದೆ. "ಸುಮ್ನಿರು, ನಾನೀಗ ಚೀನಾದಾಗಿದೀನಿ" ಎಂದು ಪಿಸುಗುಟ್ಟಿದರು.

ಅಂದಿನಿಂದ ಕೊತ್ತಂಬರಿ ಸೋಸಲು, ಹಾಲಿನವನ ಹತ್ತಿರ ಹಾಲು ಹಾಕಿಸಿಕೊಳ್ಳಲು ಕರೆದಾಗಲೆಲ್ಲ ಅವರು ಚೀನಾಕ್ಕೆ ಹೊರಟುಬಿಡುತ್ತಿದ್ದರು. ಕೊನೆಗೆ ಸೊಸೆ ನಮ್ಮ ಬಾಗಿಲಿಗೇ ಬಂದರು. "ಅದನ್ನ ಮಾಡಾವಾಗ ಕಿವಿ ಕೇಳಾಕಿಲ್ವಂತೆ, ಹೌದೇನ್ರಿ ಟೀಚರ್?" ಅವರ ಬೆನ್ನ ಹಿಂದೆ ಅಜ್ಜಿ ನನಗೆ ಕಣ್ಣು ಹೊಡೆಯುತ್ತಿದ್ದರು. "ಕೆಲವರಿಗೆ ಹಂಗಾಗುತ್ತೆ" ಎಂದೆ. ಆ ವಾರ ಯಜಮಾನರು ಕಾಲುಚೀಲ ಎಲ್ಲಿದೆ ಎಂದು ಕೂಗಿದಾಗ ನನಗೂ ಹಾಗೆಯೇ ಆಯಿತು.

ಇಷ್ಟರ ನಡುವೆ ಭುಜ ಸಡಿಲವಾಗುತ್ತ ಬಂದಿತ್ತು. ಒಂದು ದಿನ ತಲೆ ಬಾಚುವಾಗ ಕೈ ತಾನಾಗಿಯೇ ಹಿಂದಕ್ಕೆ ಹೋಯಿತು. ಜಡೆ ಹೆಣೆದೆ. ನಂಬಿಕೆ ಬಾರದೆ ಬಿಚ್ಚಿ ಮತ್ತೆ ಹೆಣೆದೆ. ಕಣ್ಣು ತುಂಬಿ ಬಂತು. ಬಾಗಿಲಲ್ಲಿ ನಿಂತಿದ್ದ ಯಜಮಾನರು, "ನಂಗೆ ಈಗಷ್ಟೇ ಕೈ ಕುದುರಿತ್ತು" ಎಂದು ಗೊಣಗಿದರು. ಆದರೆ ಅವರ ಮುಖ ನನಗಿಂತ ಅರಳಿತ್ತು. ಗುಣವಾದದ್ದು ಫಿಸಿಯೋಥೆರಪಿಯಿಂದಲೋ ಚೀಗಾಂಗಿನಿಂದಲೋ, ದಿನವೂ ಅಜ್ಜಿ ನಗಿಸಿದ್ದರಿಂದಲೋ ನಾನು ಹೇಳಲಾರೆ.

ಒಂದು ಭಾನುವಾರ ಸಂಜೆ ನಾವಿಬ್ಬರೂ ನಿಂತಿದ್ದಾಗ ಅವರ ಸೊಸೆ ಸದ್ದಿಲ್ಲದೆ ಮೇಲೆ ಬಂದರು. ಮಂಡಕ್ಕಿ, ಬಿಸಿ ಬಿಸಿ ಮೆಣಸಿನಕಾಯಿ ಬಜ್ಜಿ ತುಂಬಿದ ತಟ್ಟೆಯನ್ನು ಗೋಡೆಯ ಮೇಲಿಟ್ಟು ಕೈಕಟ್ಟಿ ನಿಂತರು. ಅಜ್ಜಿಯ ತೋಳಿನೊಳಗಿದ್ದ ಮರ ಮೆಲ್ಲಗೆ ಗೋಡೆಯ ಕಡೆ ವಾಲತೊಡಗಿತು.

"ಚೀನಾಕ್ಕೂ ಮೆಣಸಿನಕಾಯಿ ವಾಸ್ನೆ ಬರ್ತೈತೇನ್ರಿ ಅತ್ತೇ?"

ಅಜ್ಜಿ ಅಂದು ಮೊದಲ ಬಾರಿಗೆ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದರು. "ಕಿವಿ ಕೇಳಾಕಿಲ್ಲ ಅಂದಿದ್ದೆ. ಮೂಗಿನ ವಿಷ್ಯ ನಾನೆಲ್ಲಿ ಹೇಳಿದ್ದೆ?"

ಸೊಸೆ ಸೊಂಟ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೂ ಕೈ ಸೊಂಟದ ಮೇಲೇ ಇತ್ತು. "ನಂಗೂ ಇಲ್ಲಿ ಹಿಡ್ಕೊಂಡೈತೆ ಟೀಚರ್. ಹೆಂಗೆ ನಿಲ್ಲಬೇಕು ಹೇಳ್ರಿ." ಅತ್ತೆಯೇ ಅವರ ಮೊಣಕೈ ಹಿಡಿದು ದುಂಡಗೆ ಮಾಡಿ ನಿಲ್ಲಿಸಿದರು.

ಅಷ್ಟರಲ್ಲಿ ಕೆಳಗೆ ಅಜ್ಜಿಯ ಮಗ, "ಟೀ ಎಲ್ಲೇ?" ಎಂದು ಕೂಗಿದರು. ಮೂವರೂ ಮಾತಾಡಲಿಲ್ಲ. "ಅವ್ವಾ!" ಆಗಲೂ ಇಲ್ಲ. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು, ಸ್ವಲ್ಪ ಹೊತ್ತು ನಿಂತಿತು, ಮತ್ತೆ ಕೆಳಗಿಳಿಯಿತು. ಕಣ್ಣು ಬಿಟ್ಟು ನೋಡಿದರೆ ಗೋಡೆಯ ಮೇಲೆ ತಟ್ಟೆ ಇರಲಿಲ್ಲ.

"ನೀವು ನಿಂತಿರ್ರಿ, ಹಿಟ್ಟು ಇನ್ನೂ ಐತೆ" ಎಂದು ಸೊಸೆ ಕೆಳಗೆ ಹೋದರು. ನಾನೂ ಅಜ್ಜಿಯೂ ಮತ್ತೆ ಕೈ ಎತ್ತಿದೆವು.