ಹಾಸಿಗೆಗಿಂತ ಒಂದು ಗೇಣು ಕಡಿಮೆ

ಮೊನ್ನೆ ಬಚ್ಚಲುಮನೆಯ ಕಸದ ಬುಟ್ಟಿಯಲ್ಲಿ ಒಂದು ಸೋಪಿನ ಚೂರು ಬಿದ್ದಿತ್ತು. ಸವೆದು ಸವೆದು ವೀಳ್ಯದೆಲೆಯಷ್ಟು ತೆಳ್ಳಗಾಗಿದ್ದ ಬೇವಿನ ಸೋಪು. ಬಿಸಾಡಿದವಳು ನನ್ನ ಮೊಮ್ಮಗಳು. ನಾನು ಅದನ್ನು ಎತ್ತಿ ತೊಳೆಯುತ್ತಿರುವುದನ್ನು ನೋಡಿ, "ಪಾಟೀ, ಪುದು ಸೋಪ್ ಇರುಕ್ಕೇ" ಎಂದಳು. ಹೊಸ ಸೋಪು ಇದೆ, ನನಗೂ ಗೊತ್ತು. ಆದರೆ ಆ ಒದ್ದೆ ಚೂರಿನ ಕಹಿ ವಾಸನೆ ಮೂಗಿಗೆ ಹತ್ತಿದ್ದೇ ತಡ, ಮದ್ರಾಸಿನ ತಿರುವಲ್ಲಿಕ್ಕೇಣಿಯ ಬಾವಿಕಟ್ಟೆಯ ಪಕ್ಕದಲ್ಲಿ ಮೊಣಕಾಲವರೆಗೆ ಪಂಚೆ ಎತ್ತಿ ಕಟ್ಟಿದ್ದ ಎದುರು ಪೋರ್ಷನ್ನಿನ ಮಾಮಾ ಬಂದು ನಿಂತುಬಿಟ್ಟರು...

ನಾನು ಮದುವೆಯಾಗಿ ಮೈಸೂರಿನಿಂದ ಮದ್ರಾಸಿಗೆ ಬಂದದ್ದು ಐವತ್ತರ ದಶಕದಲ್ಲಿ. ನಮ್ಮವರು ಹಿಡಿದಿದ್ದ ಮನೆ ಒಂದು 'ಸ್ಟೋರ್'ನಲ್ಲಿತ್ತು. ಸ್ಟೋರ್ ಎಂದರೆ ಅಂಗಡಿ ಎಂದುಕೊಂಡು ಬಂದ ನನಗೆ ಸಿಕ್ಕಿದ್ದು ಒಂದೇ ತಲೆಬಾಗಿಲು, ಉದ್ದನೆಯ ಓಣಿ, ಅದರ ಎರಡೂ ಪಕ್ಕ ಒಂದು ಕೋಣೆ, ಒಂದು ಅಡಿಗೆಮನೆಯ ಬಿಡಾರಗಳು, ಹಿಂದೆ ಎಲ್ಲರಿಗೂ ಸೇರಿ ಒಂದು ಬಾವಿ. ಒಂದೊಂದು ಬಿಡಾರಕ್ಕೂ ಪೋರ್ಷನ್ ಎನ್ನುತ್ತಿದ್ದರು. ಒಬ್ಬರ ಮನೆಯ ಒಗ್ಗರಣೆಗೆ ಇನ್ನೊಬ್ಬರು ಸೀನಬೇಕು, ಹಾಗಿತ್ತು. ತಮಿಳರ ನಡುವೆ ಕನ್ನಡದವರು ನಾವು ಮತ್ತು ಎದುರಿನವರು, ಎರಡೇ ಸಂಸಾರ. ಅವರು ಮಾಧ್ವರು, ತಲೆಮಾರುಗಳಿಂದ ಮದ್ರಾಸಿನಲ್ಲೇ ಇದ್ದವರು. ಅವರ ಕನ್ನಡದಲ್ಲಿ ತಮಿಳು ಎಷ್ಟು ಬೆರೆತಿತ್ತೆಂದರೆ ಮೊದಲ ತಿಂಗಳು ನಾನು ಸುಮ್ಮನೆ ತಲೆಯಾಡಿಸಿಯೇ ಕಾಲ ಕಳೆದೆ.

ಮಾಮಾ ಎಗ್ಮೋರಿನ ಒಂದು ಆಫೀಸಿನಲ್ಲಿ ಗುಮಾಸ್ತರು. ಸ್ಟೋರಿನವರು ಅವರನ್ನು ಎಂಜಲು ಕೈಯಲ್ಲಿ ಕಾಗೆ ಓಡಿಸದವರು ಎಂದು ಆಡಿಕೊಳ್ಳುತ್ತಿದ್ದರು. ಅದು ಅವರ ಕಿವಿಗೂ ಬೀಳುತ್ತಿತ್ತು. "ಕಾಗೆ ತಾನೆ ಹೋಗತ್ತೆ, ನಾನೇಕೆ ಕೈ ಬೀಸಲಿ?" ಎನ್ನುತ್ತಿದ್ದರು.

ಅವರ ಮನೆಗೆ ಬಂದ ಸೋಪು ನೇರವಾಗಿ ಬಚ್ಚಲಿಗೆ ಹೋಗುತ್ತಿರಲಿಲ್ಲ. ಮೊದಲು ದಾರದಲ್ಲಿ ಅದನ್ನು ಎರಡು ತುಂಡು ಮಾಡಿ, ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲು ಬಿಡುತ್ತಿದ್ದರು. ಒಣಗಿದ ಸೋಪು ಕರಗುವುದಿಲ್ಲವಂತೆ. ಕರಗದಿರುವುದೇನು, ನೊರೆಯೇ ಬರುತ್ತಿರಲಿಲ್ಲ. ಬಾವಿಕಟ್ಟೆಯಲ್ಲಿ ಮಾಮಾ ಮೈ ತಿಕ್ಕುವ ಸದ್ದು ನಮ್ಮ ಅಡಿಗೆಮನೆಗೆ ಕೇಳುತ್ತಿತ್ತು. ಕೊನೆಗೆ ಉಳಿದ ಚೂರನ್ನು ಮುಂದಿನ ತುಂಡಿನ ಬೆನ್ನಿಗೆ ಅಂಟಿಸುತ್ತಿದ್ದರು. ಹೀಗಾಗಿ ಆ ಮನೆಯಲ್ಲಿ ಸೋಪು ಮುಗಿದದ್ದೇ ಇಲ್ಲ. ವಂಶ ಮುಂದುವರಿಯುತ್ತಲೇ ಇತ್ತು.

ಅವರ ಪಂಚೆಗೂ ನಾಲ್ಕು ಆಶ್ರಮಗಳಿದ್ದವು. ಆಫೀಸಿಗೆ ಉಟ್ಟು ನವೆದ ಮೇಲೆ ಮನೆಯ ಪಂಚೆ, ಆಮೇಲೆ ಹರಿದು ಅಂಗವಸ್ತ್ರ, ಆಮೇಲೆ ಮಸಿಬಟ್ಟೆ. ಸನ್ಯಾಸದ ವೇಳೆಗೆ ಅದರಲ್ಲಿ ನೂಲೇ ಉಳಿದಿರುತ್ತಿರಲಿಲ್ಲ. ಅಂಗಿಯ ಕಾಲರು ಸವೆದರೆ ಟೈಲರ್ ಹತ್ತಿರ ಬಿಚ್ಚಿಸಿ, ಮಗುಚಿ ಹೊಲಿಸಿ, ಹೊಸ ಅಂಗಿ ಬಂತು ಎಂದು ನಮಗೆಲ್ಲ ತೋರಿಸುತ್ತಿದ್ದರು. ಬಸ್ಸಿನಲ್ಲಿ ಒಂದು ಸ್ಟೇಜ್ ಮುಂಚೆಯೇ ಇಳಿದು ನಡೆಯುತ್ತಿದ್ದರು. ನಡೆದರೆ ಚಪ್ಪಲಿ ಸವೆಯುವುದಿಲ್ಲವೇ ಎಂದು ನಮ್ಮವರು ಕಾಲೆಳೆದರು. ಮಾಮಾ ನಗುತ್ತ ಕೈಚೀಲ ತೆರೆದು ತೋರಿಸಿದರು. ಚಪ್ಪಲಿ ಒಳಗಿತ್ತು.

"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆ ಅವರಿಗೆ ಹಿಡಿಸುತ್ತಿರಲಿಲ್ಲ. ಅದು ದುಂದುಗಾರರು ಮಾಡಿದ ಗಾದೆ ಎಂದು ಅವರ ವಾದ. "ನೋಡಮ್ಮಾ, ಹಾಸಿಗೆ ಇದ್ದಷ್ಟೂ ಕಾಲು ಚಾಚಿದರೆ ಇರುವೆ ಬಂದು ಕಚ್ಚಿದಾಗ ಎಲ್ಲಿಗೆ ಸರೀತೀಯ? ಒಂದು ಗೇಣು ಬಿಡಬೇಕು. ಆ ಒಂದು ಗೇಣೇ ನಮ್ಮದು, ಮಿಕ್ಕಿದ್ದೆಲ್ಲ ಅಂಗಡಿಯವನದು" ಎನ್ನುತ್ತಿದ್ದರು. ಹೇಳುವುದಷ್ಟೇ ಅಲ್ಲ, ಓಣಿಯಲ್ಲಿ ಚಾಪೆ ಹಾಕಿ ಮಲಗುವಾಗಲೂ ಮೊಣಕಾಲು ಮಡಿಸಿಯೇ ಮಲಗುತ್ತಿದ್ದರು. ತಿಂಗಳ ಕೊನೆಯ ವಾರ ಇಡೀ ಸ್ಟೋರ್ ಕೈ ಹಿಸುಕಿಕೊಳ್ಳುತ್ತಿದ್ದಾಗ ಮಾಮಾ ಒಬ್ಬರು ಬೀಚಿಗೆ ಹೋಗಿ ಗಾಳಿ ಕುಡಿದು, ದೇವರನಾಮ ಗುನುಗುತ್ತ ಬರುತ್ತಿದ್ದರು. ಅದನ್ನು ನೋಡಿದಾಗ ಮಾತ್ರ ನಮಗೆಲ್ಲ ಹೊಟ್ಟೆಕಿಚ್ಚು.

ಮಾಮಿ ಇದನ್ನೆಲ್ಲ ಹೇಗೆ ಸಹಿಸಿದ್ದರೋ... ಅವರು ಹೆಚ್ಚು ಮಾತಿನವರಲ್ಲ. ಮಾಮಾ ಬೆಳಿಗ್ಗೆ ಅಳೆದು ಕೊಟ್ಟಷ್ಟರಲ್ಲಿ ಅಡಿಗೆ ಮಾಡುತ್ತಿದ್ದರು. ಫಿಲ್ಟರಿನ ಮೊದಲ ಡಿಕಾಕ್ಷನ್ ಮಾಮಾಗೆ. ಅದೇ ಪುಡಿಗೆ ಮತ್ತೆ ಬಿಸಿನೀರು ಹೊಯ್ದು ಇಳಿಸಿದ ಎರಡನೆಯದು ಮಾಮಿಗೆ. ಆ ಎರಡನೆಯದನ್ನು ಒಮ್ಮೆ ನಾನೂ ಕುಡಿದಿದ್ದೇನೆ. ಕಾಫಿ ಆ ಕಡೆ ಹಾದುಹೋಗಿದೆ ಎನ್ನುವುದಷ್ಟೇ ಗೊತ್ತಾಗುತ್ತಿತ್ತು.

ಇವರಿಗೆ ಒಬ್ಬಳೇ ಮಗಳು. ನನಗಿಂತ ಸ್ವಲ್ಪ ಚಿಕ್ಕವಳು, ಓದಿದವಳು, ಅಪ್ಪನ ಹಾಗೇ ಉದ್ದ ಮೂಗಿನವಳು. ಅವಳನ್ನು ನೋಡಲು ಮೊದಲು ಬಂದಿದ್ದ ಒಂದು ಕಡೆಯವರು ಈ ಮನೆಯ ಕಾಫಿ ಕುಡಿದು ಹೋದವರು ಮತ್ತೆ ಇತ್ತ ತಲೆಹಾಕಿರಲಿಲ್ಲ. ಅವರಿಗೆ ಸಿಕ್ಕಿದ್ದು ಎಷ್ಟನೆಯ ಡಿಕಾಕ್ಷನ್ ಎಂದು ನಾನು ಕೇಳಲಿಲ್ಲ. ಈಗ ಎರಡನೆಯ ಸಂಬಂಧ ಬಂದಿತ್ತು. ಹುಡುಗ ಊರಾಚೆಯ ಗಿಂಡಿಯಲ್ಲಿ ಹೊಸದಾಗಿ ಎದ್ದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ, ಮನೆ ಅಡ್ಯಾರಿನಲ್ಲಿ. ಮಠದಲ್ಲಿ ಒಂದು ಆರಾಧನೆಯ ದಿನ ಅವಳು ಅವನನ್ನು ನೋಡಿದ್ದಳು. ಬಾಯಿಬಿಟ್ಟು ಏನೂ ಹೇಳಲಿಲ್ಲ, ಆದರೆ ಗಿಂಡಿಗೆ ಯಾವ ಬಸ್ಸು ಹೋಗುತ್ತದೆ ಎಂದು ನನ್ನನ್ನು ಕೇಳಿದಳು. ಈ ಹುಡುಗನೂ ಕೈತಪ್ಪಿದರೆ ಮಗಳ ಮನಸ್ಸು ಮುರಿಯುತ್ತದೆ ಎಂದು ಮಾಮಿಗೆ ಒಂದೇ ಚಿಂತೆ.

ಹೆಣ್ಣು ನೋಡಲು ಬಂದವರಿಗೆ ಕೇಸರಿಬಾತು, ಬಜ್ಜಿ ಕೊಡುವುದು ಮದ್ರಾಸಿನಲ್ಲಿ ವೇದವಾಕ್ಯ. ಮಾಮಾ ಎರಡು ದಿನ ಮಂಕಾಗಿದ್ದರು. ಮೂರನೆಯ ದಿನ ನಮ್ಮ ಮನೆಗೆ ಬಂದು, ಮೊಳೆಗೆ ತಗುಲಿಹಾಕಿದ್ದ ನಮ್ಮ ಪಂಚಾಂಗವನ್ನು ತಿರುವಿ ನೋಡಿ, ಅರಳಿದ ಮುಖದಿಂದ ಹೋದರು. ಪಂಚಾಂಗ ಕೊಳ್ಳುವುದು ಅವರ ಪಾಲಿಗೆ ದುಂದು. ದಿನ ಸುಮ್ಮನೆ ಬರುತ್ತದೆ, ಅದಕ್ಕೇಕೆ ಕಾಸು ಎನ್ನುವವರು. ಮಾಮೂಲಾಗಿ ಮಠದ ಹಲಗೆಯ ಮೇಲೆ ಬರೆದದ್ದನ್ನು ಓದಿಕೊಂಡು ಬರುತ್ತಿದ್ದರು. ಅಂದು ಅಲ್ಲಿಯವರೆಗೆ ಹೋಗುವಷ್ಟು ತಾಳ್ಮೆ ಇರಲಿಲ್ಲ.

ಸ್ವಲ್ಪ ಹೊತ್ತಿನಲ್ಲೇ ಮಾಮಿ ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತ ಬಂದರು. "ಬರೋ ಭಾನುವಾರ ಬರಹೇಳಿದ್ದಾರೆ ಕಣೇ. ಅವತ್ತು ಏಕಾದಶಿ. ಬಂದವರಿಗೆ ತೊಟ್ಟು ನೀರೂ ಕೊಡೋ ಹಾಗಿಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಅಳುತ್ತಿದ್ದ ಮಾಮಿಯೂ ನಕ್ಕುಬಿಟ್ಟರು. ಎಣ್ಣೆ, ಕಡಲೆಹಿಟ್ಟು, ಸಕ್ಕರೆ, ತುಪ್ಪ, ಕಾಫಿಪುಡಿ, ಎಲ್ಲ ಒಂದೇ ಏಟಿಗೆ ಉಳಿತಾಯ, ಮೇಲೆ ಪುಣ್ಯ ಬೇರೆ. ಮಾಮಾನ ತಲೆಗೆ ಕೈ ಮುಗಿಯಬೇಕು ಅನಿಸಿತು.

ಭಾನುವಾರ ಮಾಮಾ ಬೆಳಗಿನಿಂದ ನಿರ್ಜಲ ಉಪವಾಸ. ಒಲೆ ಹಚ್ಚಲೇ ಇಲ್ಲ. ಸಂಜೆ ಹುಡುಗ, ಅವನ ಅಪ್ಪ ಅಮ್ಮ ಬಂದರು. ನಾನು ಹುಡುಗಿಗೆ ಜಡೆ ಹಾಕಲು ಹೋಗಿದ್ದವಳು ಅಡಿಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಹುಡುಗಿ ಬಂದು ನಮಸ್ಕಾರ ಮಾಡಿದಳು, ಒಂದು ದೇವರನಾಮ ಹಾಡಿದಳು. ಹುಡುಗನ ಕಣ್ಣು ಅವಳ ಮೇಲೆ, ಹುಡುಗನ ಅಪ್ಪನ ಕಣ್ಣು ಅಡಿಗೆಮನೆಯ ಬಾಗಿಲ ಮೇಲೆ. ಕೊನೆಗೆ ಮಾಮಾ ಕೈಜೋಡಿಸಿ ವಿನಯವಾಗಿ, "ಇವತ್ತು ಏಕಾದಶಿ ಪಾರುಂಗೋ, ಇಲ್ಲದಿದ್ದರೆ..." ಎಂದರು.

ಹುಡುಗನ ಅಮ್ಮ ಹುಬ್ಬೇರಿಸಿದರು. "ಏಕಾದಶಿಯಾ? ಅದು ನಾಳೆ ಅಲ್ಲವಾ? ಇವತ್ತು ನಮಗೆ ದಶಮಿ. ಮಠದಲ್ಲೇ ಬರೆದು ಹಾಕಿದ್ದಾರಲ್ಲ."

ಮಾಮಾ ನಮ್ಮ ಪೋರ್ಷನ್ನಿನ ಕಡೆ ತಿರುಗಿ ನೋಡಿದ ಆ ನೋಟ ಇವತ್ತಿಗೂ ಮರೆತಿಲ್ಲ. ನಾವು ಸ್ಮಾರ್ತರು. ನಮ್ಮ ಪಂಚಾಂಗದ ಏಕಾದಶಿಗೂ ಮಾಧ್ವರ ಏಕಾದಶಿಗೂ ಕೆಲವು ಸಲ ಒಂದು ದಿನದ ಅಂತರ ಬೀಳುತ್ತದೆ. ಇದು ಮಾಮಾಗೆ ತಿಳಿಯದ ಸಂಗತಿಯಲ್ಲ. ಬಜ್ಜಿಯ ಎಣ್ಣೆ ಉಳಿಯುವ ಸಂಭ್ರಮದಲ್ಲಿ ಮರೆತಿದ್ದರು, ಅಷ್ಟೆ.

ಹುಡುಗನ ಅಮ್ಮ ಅಷ್ಟಕ್ಕೆ ನಿಲ್ಲಿಸಲಿಲ್ಲ. "ದಶಮಿ ರಾತ್ರಿ ನಮಗೆ ಊಟ ಇಲ್ಲ. ಹೇಗೂ ಇಲ್ಲೇ ತಿಂಡಿ ಆಗತ್ತೆ, ಮನೆಗೆ ಹೋಗಿ ಮತ್ತೆ ಒಲೆ ಹಚ್ಚೋದು ಏನಕ್ಕೆ ಅಂತಲೇ ಈ ಭಾನುವಾರಕ್ಕೆ ಒಪ್ಪಿದ್ವಿ" ಎಂದರು. ಹುಡುಗನ ಅಪ್ಪ ಹೌದೆಂದು ತಲೆಯಾಡಿಸಿದರು. ಪಾಪ, ಮಧ್ಯಾಹ್ನವೂ ಕಡಿಮೆ ಉಂಡು ಬಂದಿರಬೇಕು.

ಸೇರಿಗೆ ಸವ್ವಾಸೇರು ಎನ್ನುವುದು ಇದಕ್ಕೇ. ಆದರೆ ಆ ಗಳಿಗೆಯಲ್ಲಿ ನಗುವ ಧೈರ್ಯ ನನಗಿರಲಿಲ್ಲ. ಹುಡುಗಿಯ ಕಣ್ಣು ತುಂಬಿ ಬಂದಿತ್ತು. ಬಂದವರನ್ನು ಬರಿ ಹೊಟ್ಟೆಯಲ್ಲಿ ಕಳಿಸಿದರೆ ಈ ಸಂಬಂಧವೂ ಅಲ್ಲಿಗೆ ಮುಗಿದ ಹಾಗೇ. ನಮ್ಮ ಮನೆಯಿಂದ ಏನಾದರೂ ತರೋಣವೆಂದು ಹೊರಟೆ. ಮಾಮಿ ನನ್ನ ಕೈ ಹಿಡಿದು ನಿಲ್ಲಿಸಿದರು. "ಬೇಡ. ಒಲೆ ಹಚ್ಚು" ಎಂದರು.

ಆಮೇಲೆ ಅವರು ಸ್ಟೂಲು ಹತ್ತಿ, ಅಟ್ಟದಲ್ಲಿ ಒಣಗುತ್ತಿದ್ದ ಸೋಪುಗಳ ಹಿಂದಿನಿಂದ ಒಂದೊಂದೇ ಡಬ್ಬಿ ಇಳಿಸತೊಡಗಿದರು. ರವೆ. ಸಕ್ಕರೆ. ಕಡಲೆಹಿಟ್ಟು. ಒಂದು ಸಣ್ಣ ಜಾಡಿಯಲ್ಲಿ ತುಪ್ಪ, ಇನ್ನೊಂದರಲ್ಲಿ ಎಣ್ಣೆ. ಬಟ್ಟೆಯ ಗಂಟಿನಲ್ಲಿ ಗೋಡಂಬಿ, ದ್ರಾಕ್ಷಿ. ಮಾಮಾ ಅಳೆದು ಕೊಡುತ್ತಿದ್ದುದರಲ್ಲೇ ಮಾಮಿ ದಿನವೂ ಒಂದು ಚಿಟಿಕೆ, ಒಂದು ಚಮಚ ತೆಗೆದಿಡುತ್ತ ಬಂದಿದ್ದರು. ಹುಳು ಬೀಳದ ಹಾಗೆ ಹಳೆಯದನ್ನು ಅಡಿಗೆಗೆ ಬಳಸಿ ಹೊಸದನ್ನು ತುಂಬಿಡುತ್ತಿದ್ದರಂತೆ. ಉಳಿಸುವವರ ಮನೆಯಲ್ಲಿ, ಅವರ ಕಣ್ಣೆದುರಿಗೇ, ಅವರಿಗೆ ಗೊತ್ತಾಗದ ಹಾಗೆ ಉಳಿಸಿದ್ದರು ಆ ಪುಣ್ಯಾತ್ಗಿತ್ತಿ.

ರವೆ ಹುರಿಯುವ ಘಮಲಿಗೆ ಓಣಿಯ ಎರಡೂ ಪಕ್ಕದ ಬಾಗಿಲುಗಳು ತೆರೆದವು. ಆ ಪೋರ್ಷನ್ನಿನಿಂದ ತುಪ್ಪದ ವಾಸನೆ ಬಂದದ್ದು ಸ್ಟೋರಿನ ಚರಿತ್ರೆಯಲ್ಲೇ ಮೊದಲು. ಮಾಮಾ ಬಾಗಿಲಲ್ಲಿ ಬಂದು ನಿಂತು ಬಾಣಲೆಯನ್ನೂ ಮಾಮಿಯನ್ನೂ ಬದಲಿಸಿ ಬದಲಿಸಿ ನೋಡಿದರು.

"ಇದೆಲ್ಲ ಎಲ್ಲಿಂದ ಬಂತು?"

ಮಾಮಿ ಸೌಟು ಆಡಿಸುತ್ತಲೇ ಇದ್ದರು. "ನೀವು ಬಿಟ್ಟ ಗೇಣಿನಲ್ಲಿ ನಾನೂ ಒಂದು ಬೆರಳಷ್ಟು ಬಿಟ್ಟಿದ್ದೆ" ಎಂದರು.

ಮಾಮಾ ತಾವೇ ತಟ್ಟೆಗಳನ್ನು ತೊಳೆದು ಕೊಟ್ಟರು. ಆ ಮನುಷ್ಯ ಅಡಿಗೆಮನೆಯಲ್ಲಿ ತಟ್ಟೆ ತೊಳೆದದ್ದನ್ನು ನಾನು ಕಂಡದ್ದು ಅದೇ ಮೊದಲು.

ಬಂದವರು ಕೇಸರಿಬಾತನ್ನು ಎರಡೆರಡು ಸಲ ಹಾಕಿಸಿಕೊಂಡು ತಿಂದರು. ಬಜ್ಜಿಯ ಲೆಕ್ಕ ಯಾರೂ ಇಡಲಿಲ್ಲ. ಕಾಫಿ ಕೂಡ ಮೊದಲ ಡಿಕಾಕ್ಷನ್ನೇ. ಆದರೆ ಹುಡುಗನ ಅಮ್ಮ ಬೆರಳಿಗೆ ಅಂಟಿದ ತುಪ್ಪವನ್ನು ನೋಡಿಕೊಳ್ಳುತ್ತ ಗಂಡನಿಗೆ ಪಿಸುಗುಟ್ಟಿದ್ದು ನನಗೆ ಕೇಳಿಸಿತು. "ಕೈ ತುಂಬ ಧಾರಾಳ ಇದೆಯಲ್ಲ ಈ ಮನೆಯಲ್ಲಿ. ನಮ್ಮ ಸಂಸಾರಕ್ಕೆ ಈ ಹುಡುಗಿ ಸರಿಹೋಗ್ತಾಳಾ?" ಯಾವ ಮನೆಗೆ ಯಾವ ಮಾತು ಬಂತು ನೋಡಿ.

ಅಷ್ಟರಲ್ಲಿ ಅವರೆಲ್ಲ ಹೊರಡಲು ಎದ್ದರು. ಹುಡುಗನ ಅಪ್ಪ ಹೊಸ್ತಿಲು ದಾಟಿದರು, ಹಿಂದೆ ಹುಡುಗ. ಅವನ ಅಮ್ಮ ಇನ್ನೂ ಕೋಣೆಯೊಳಗೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಹುಡುಗಿಗೆ ಹುಟ್ಟಿದಾಗಿನಿಂದ ಒಂದೇ ಅಭ್ಯಾಸ: ಜನ ಎದ್ದರೆ ದೀಪ ಆರಿಸುವುದು. ಹನಿಗಣ್ಣಿನಲ್ಲಿ, ಗಾಬರಿಯಲ್ಲಿ, ಕೈ ತಾನಾಗಿಯೇ ಸ್ವಿಚ್ಚಿಗೆ ಹೋಗಿ ಟಕ್ಕೆಂದು ಆರಿಸಿಬಿಟ್ಟಿತು. ಕೋಣೆ ಕತ್ತಲಾಯಿತು. ಮಾಮಿ ಅಯ್ಯೋ ಎಂದರು. ಕತ್ತಲೊಳಗಿನಿಂದ ಹುಡುಗನ ಅಮ್ಮನ ಧ್ವನಿ ನಗುತ್ತ ಬಂತು: "ಹಚ್ಚಬೇಡಮ್ಮಾ, ಪರವಾಯಿಲ್ಲ. ನನಗೆ ದಾರಿ ಕಾಣತ್ತೆ. ನೀನು ನಮ್ಮ ಮನೆಯ ಹುಡುಗಿಯೇ."

ಮದುವೆ ಆಯಿತು. ಇತ್ತ ಮಾಮಾಗೆ ಭಾನುವಾರದ ಉಪವಾಸ ದಂಡವಾಗಿ, ಸೋಮವಾರ ನಿಜವಾದ ಏಕಾದಶಿ ಬೇರೆ ಮಾಡಬೇಕಾಯಿತು. ಎರಡು ದಿನದ ಅಕ್ಕಿ ಉಳಿಯಿತಲ್ಲ ಎಂದು ನಮ್ಮವರು ರೇಗಿಸಿದರು. "ಭಾನುವಾರದ್ದು ಉಳೀಲಿಲ್ಲಪ್ಪಾ, ಅವರೆಲ್ಲ ಹೋದ ಮೇಲೆ ಕೇಸರಿಬಾತು ತಿಂದುಬಿಟ್ಟೆ" ಎಂದು ಮಾಮಾ ತಗ್ಗಿದ ಧ್ವನಿಯಲ್ಲಿ ಒಪ್ಪಿಕೊಂಡರು.

ಕೆಲವು ವರ್ಷಗಳಾದ ಮೇಲೆ ನಾವು ಆ ಸ್ಟೋರ್ ಬಿಟ್ಟು ಅಡ್ಯಾರಿಗೆ ಬಂದೆವು. ಅರವತ್ತರ ದಶಕದ ಕೊನೆಯಲ್ಲಿರಬೇಕು, ಮಾಮಿ ಹೋಗಿಬಿಟ್ಟರು. ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಮಾಮಾನನ್ನು ನೋಡಲು ಹೋದೆ. ಅಟ್ಟದ ಮೇಲೆ ಸೋಪು ಒಣಗುತ್ತಲೇ ಇತ್ತು. ಅಂಗಿಯ ಕಾಲರು ಮಗುಚಿದ್ದೇ. ಬೇಡವೆಂದರೂ ಕೇಳದೆ ತಾವೇ ಕಾಫಿ ಮಾಡಿಕೊಟ್ಟರು. ಗಟ್ಟಿಯಾಗಿತ್ತು, ಚೆನ್ನಾಗಿತ್ತು. ನಾನು ಕುಡಿಯುತ್ತಿದ್ದಂತೆ ಅವರು ಅಭ್ಯಾಸಬಲದಿಂದ ಫಿಲ್ಟರಿಗೆ ಮತ್ತೆ ಬಿಸಿನೀರು ಹೊಯ್ದರು. ಅದು ಇಳಿಯುವವರೆಗೂ ನೋಡುತ್ತ ಕೂತಿದ್ದರು. ಆಮೇಲೆ ಎದ್ದು, ಆ ಎರಡನೆಯ ಡಿಕಾಕ್ಷನ್ನನ್ನು ಬಚ್ಚಲಿಗೆ ಚೆಲ್ಲಿಬಿಟ್ಟರು.

ನಾನು ನೋಡುತ್ತಿರುವುದು ಅವರಿಗೂ ಕಾಣಿಸಿತು. "ದಿನಾ ಇಳಿಸ್ತೀನಮ್ಮಾ. ಕುಡಿಯೋಕೆ ಅವಳಿಲ್ಲ" ಎಂದರು.

ಅವರ ಕೈಯಿಂದ ಒಂದು ಹನಿಯಾದರೂ ವ್ಯರ್ಥವಾದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಬಸ್ಸಿನಲ್ಲಿ ಮನೆಗೆ ಬರುವವರೆಗೂ ಅಳು ನಿಲ್ಲಲಿಲ್ಲ.

ಮಾಮಾ ಕೂಡ ಹೋಗಿ ಎಷ್ಟೋ ಕಾಲವಾಯಿತು. ಆ ಸ್ಟೋರ್ ಇಲ್ಲ, ಬಾವಿಯೂ ಇಲ್ಲ. ಅಲ್ಲೀಗ ಹೆಸರು ಬರೆದ ಗೇಟಿನ ಫ್ಲಾಟುಗಳಿವೆ. ನಮ್ಮ ಮನೆಯಲ್ಲಿ ಹಾಸಿಗೆಗಳೂ ದೊಡ್ಡವಾಗಿವೆ, ಎಲ್ಲರೂ ಧಾರಾಳವಾಗಿ ಕಾಲು ಚಾಚಿ ಮಲಗುತ್ತಾರೆ. ನಾನೇನೂ ಹೇಳಲು ಹೋಗುವುದಿಲ್ಲ. ಮೊನ್ನೆ ಮಾತ್ರ ಆ ಸೋಪಿನ ಚೂರನ್ನು ಹೊಸ ಸೋಪಿನ ಬೆನ್ನಿಗೆ ಒತ್ತಿ ಅಂಟಿಸಿದೆ. ಮೊಮ್ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆಮೇಲೆ ಏನನ್ನಿಸಿತೋ, ನಾನು ಬಚ್ಚಲುಮನೆಯಿಂದ ಹೊರಗೆ ಬರುತ್ತಿದ್ದಂತೆ ದೀಪ ಆರಿಸಿದಳು.