ಉಮ್ಮ ಬೇಡವೆಂದ ಹಾಲು

ನಮ್ಮ ಬ್ಯಾರಿ ಕುಟುಂಬಗಳಲ್ಲಿ ಮಕ್ಕಳಿಲ್ಲದ ಅಕ್ಕನಿಗೆ ತಂಗಿ ತನ್ನ ಮಗುವನ್ನು ಕೊಡುವುದು ಹೊಸತೇನಲ್ಲ. ಉಳ್ಳಾಲದಲ್ಲಿ ನಾಲ್ಕನೆಯ ಹೆಣ್ಣಾಗಿ ಹುಟ್ಟಿದ ನನ್ನನ್ನು ಹೆತ್ತವಳು ಎಳೆಗೂಸಾಗಿದ್ದಾಗಲೇ ದುಬೈಯಲ್ಲಿದ್ದ ತನ್ನ ಅಕ್ಕನ ಮಡಿಲಿಗೆ ಹಾಕಿದಳು. ಆ ಅಕ್ಕನೇ ನನಗೆ ಉಮ್ಮ, ಅವಳ ಗಂಡನೇ ಬಾಪ. ಹೆತ್ತವಳು ರಜೆಯಲ್ಲಿ ಊರಿಗೆ ಹೋದಾಗ ಸಿಗುವ ಚಿಕ್ಕಮ್ಮ, ಅಷ್ಟೇ.

ಬಾಪನಿಗೆ ರಾಸ್ ಅಲ್ ಖೋರ್‌ನಲ್ಲಿ ಗಾಡಿಗಳ ಸ್ಪೇರ್ ಪಾರ್ಟ್ಸ್ ಅಂಗಡಿಗಳಿದ್ದವು, ಮಿರ್ದಿಫ್‌ನಲ್ಲಿ ವಿಲ್ಲಾ. ನೆಲಕ್ಕಿಟ್ಟರೆ ಇರುವೆ ಕಚ್ಚೀತು, ತಲೆಯ ಮೇಲಿಟ್ಟರೆ ಹೇನು ಕಚ್ಚೀತು ಎನ್ನುವ ಹಾಗೆ ನನ್ನನ್ನು ಸಾಕಿದರು. ಶುಕ್ರವಾರ ಸಂಜೆ ನಾನು ಹಠ ಹಿಡಿದರೆ ಬಾಪ ಅಬುಧಾಬಿಯ ಕಡಲ ದಂಡೆವರೆಗೂ ಕಾರು ಓಡಿಸುತ್ತಿದ್ದರು. ಊರಿನಲ್ಲಿ ನನ್ನ ಒಡಹುಟ್ಟಿದ ಅಕ್ಕಂದಿರು, "ಇವಳಿಗೇನು, ಅರಮನೆ ಸೇರಿದ್ದಾಳೆ" ಎಂದು ಹೊಟ್ಟೆ ಉರಿಸಿಕೊಳ್ಳುತ್ತಿದ್ದರು. ಇನ್ನಷ್ಟು ಉರಿಯಲಿ ಎಂದೇ ನಾನು ಹೊಸ ಬೂಟು ಹಾಕಿಕೊಂಡು ಹೋಗುತ್ತಿದ್ದೆ.

ನಾನು ದೊಡ್ಡವಳಾದ ವಾರವೇ ಉಮ್ಮ ನನ್ನ ತಲೆಗೆ ಶಾಲು ಹೊದಿಸಿದಳು. "ಬಾಪ ಮನೆಯಲ್ಲಿರುವಾಗ ತೆಗೀಬೇಡ."

"ಹೀ ಈಸ್ ಮೈ ಫಾದರ್," ಎಂದೆ.

"ಸಾಕಿದ್ದು ಹೌದು. ಆದ್ರೆ ಹೆತ್ತ ತಂದೆ ಅಲ್ವಲ್ಲ. ದೀನಿನಲ್ಲಿ, ನಮ್ಮ ಧರ್ಮದಲ್ಲಿ, ನಿನಗೆ ಅವರು ಹೊರಗಿನ ಗಂಡಸೇ." ಇಷ್ಟನ್ನೂ ಅವಳು ನನ್ನ ಮುಖ ನೋಡದೆ, ಅಕ್ಕಿ ರೊಟ್ಟಿ ತಟ್ಟುತ್ತಲೇ ಹೇಳಿದಳು. ಅಂದಿನಿಂದ ಬಾಪ ತಮ್ಮದೇ ಮನೆಯ ಹಾಲ್‌ಗೆ ಬರುವ ಮೊದಲು ಬಾಗಿಲ ಬಳಿ ಕೆಮ್ಮುತ್ತಿದ್ದರು. ನನಗೆ ಆ ಕೆಮ್ಮು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಉಮ್ಮ ಕ್ಯಾನ್ಸರಿನಿಂದ ತೀರಿಕೊಂಡಳು. ನನಗೆ ಅಳು ಬರಲಿಲ್ಲ. ಸಂಬಂಧಿಕರು ಸೇರಿ, ಹೊರಗಿನ ಗಂಡಸು ಮತ್ತು ಪ್ರಾಯದ ಹುಡುಗಿ ಒಂದೇ ಸೂರಿನಡಿ ಇಬ್ಬರೇ ಇರುವ ಹಾಗಿಲ್ಲ, ಇವಳನ್ನು ಊರಿಗೆ ಕಳಿಸುವುದೇ ಸರಿ ಎಂದರು. ಅವರು ಕೆಟ್ಟವರೇನೂ ಅಲ್ಲ, ಕೆಲವರು ಅಳುತ್ತಲೇ ಹೇಳಿದರು. ಬಾಪ ತಲೆ ತಗ್ಗಿಸಿ ಕೂತಿದ್ದರು. ನಾನು ಬಾಪನ ತಂಗಿಯನ್ನು, ಶಾರ್ಜಾದಲ್ಲಿದ್ದ ಮಾಮಿಯನ್ನು, ಅಡುಗೆಮನೆಗೆ ಎಳೆದುಕೊಂಡು ಹೋಗಿ, ನಿಮ್ಮ ಮನೆಯಲ್ಲಾದರೂ ಇಟ್ಟುಕೊಳ್ಳಿ ಎಂದು ಬೇಡಿದೆ.

"ನನ್ನ ಮಗ ನಿನ್ನದೇ ಪ್ರಾಯ. ಅವನೂ ನಿನಗೆ ಹೊರಗಿನವನೇ ಅಲ್ವಾ ಮಾರಾಯ್ತಿ," ಎಂದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು: "ನೀನು ಬಂದಾಗ ನಾನು ಅವನಿಗೆ ಹಾಲು ಕೊಡ್ತಾ ಇದ್ದೆ. ನಿನಗೂ ಐದಾರು ಸಲ ಕುಡಿಸಿದ್ರೆ ಮುಗೀತಿತ್ತು, ಎದೆಹಾಲು ಕೊಟ್ಟವಳೂ ದೀನಿನಲ್ಲಿ ಹೆತ್ತವಳ ಹಾಗೇ. ನನ್ನ ಮಗ ನಿನಗೆ ಅಣ್ಣ, ನನ್ನಣ್ಣ ನಿನಗೆ ಸ್ವಂತ ಸೋದರಮಾವ ಆಗ್ತಿದ್ರು. ಶಾಲೂ ಬೇಡ, ಕೆಮ್ಮೂ ಬೇಡ. ನಿನ್ನ ಬಾಪನೇ ಬಂದು ಕೇಳಿದ್ದು. ನಿನ್ನ ಉಮ್ಮ ಬಿಡ್ಲೇ ಇಲ್ಲ."

"ಯಾಕೆ?"

"ನನ್ನ ಮಗುವಿಗೆ ಇನ್ನೊಬ್ಬ ತಾಯಿ ಬೇಡ ಅಂದ್ಳು. ಬಾಟಲಿ ಹಿಡ್ಕೊಂಡು ರಾತ್ರಿಯೆಲ್ಲ ಕೂತ್ಕೊಳ್ತಿದ್ಳು."

ಉಳ್ಳಾಲಕ್ಕೆ ಬಂದೆ. ಅಕ್ಕಂದಿರ ನಡುವೆ ಚಾಪೆಯಲ್ಲಿ ಮಲಗಿದೆ, ಚಿಕ್ಕಮ್ಮನನ್ನು ಉಮ್ಮ ಎನ್ನಲು ನಾಲಿಗೆ ಹೊರಳಲಿಲ್ಲ. ಸತ್ತವಳ ಮೇಲೆ ದಿನವೂ ಸಿಟ್ಟು. ಯಾರೊಂದಿಗೂ ಹಂಚಿಕೊಳ್ಳಬಾರದೆಂದು ಹಠ ಹಿಡಿದು ನನ್ನನ್ನು ಮನೆಯಿಂದಲೇ ಹೊರಗೆ ಹಾಕಿದಳಲ್ಲ ಎಂದು.

ವರ್ಷ ತುಂಬುವುದರೊಳಗೆ ಬಾಪ ಇನ್ನೊಂದು ಮದುವೆಯಾದರು. ಸುದ್ದಿ ಕೇಳಿ ನನಗೆ ನಿಜಕ್ಕೂ ಸಂತೋಷವಾಯಿತು. ಮನೆಯಲ್ಲಿ ಈಗ ಹೆಂಗಸೊಬ್ಬಳಿದ್ದಾಳೆ, ಇಬ್ಬರೇ ಎಂಬ ಮಾತೇ ಇಲ್ಲ, ಮುಸುಕು ಹಾಕಿಕೊಂಡೇ ಇದ್ದರಾಯಿತು. ಬಟ್ಟೆ ಮಡಚಿಟ್ಟು ಕಾದೆ. ಕರೆ ಬರಲಿಲ್ಲ. ಕೊನೆಗೆ ನಾನೇ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದೆ.

"ಬಾಪ, ಈಗ ನಾನು ಬರಬಹುದಲ್ಲ?"

ಬಾಪ ಆ ಕಡೆ ಒಮ್ಮೆ ಕೆಮ್ಮಿದರು. "ಅಲ್ಲಿ ನಿನ್ನ ತಾಯಿ ಇದ್ದಾಳಲ್ಲ ಮಗಳೇ. ಚೆನ್ನಾಗಿ ಓದು."

ಫೋನಿಟ್ಟು ಬೂತಿನ ಮೆಟ್ಟಿಲ ಮೇಲೆ ಕೂತೆ. ಆ ಮನೆಯಲ್ಲಿ ನನ್ನನ್ನು ಯಾರಿಗೂ ಬಿಟ್ಟುಕೊಡದವಳು ಒಬ್ಬಳೇ ಇದ್ದಳು. ಅಂದು ಅವಳಿಗಾಗಿ ಮೊದಲ ಸಲ ಅತ್ತೆ.