ಸೌಟಮ್ಮನ ಅಂಗೈ

“ಬೆಳಗ್ಗೆ ಎದ್ದು ಎಲ್ಲರೂ ಮಗೂ ಮುಖ ನೋಡ್ತಾರೆ ಅಜ್ಜಿ, ನಾನು ಮಗೂ ಬಟ್ಟೆ ನೋಡ್ತೀನಿ. ಕಿಟಕಿ ಹತ್ರ ತಗೊಂಡೋಗಿ ಬೆಳಕಿಗೆ ಹಿಡಿದು ನೋಡ್ತೀನಿ, ಕೆಂಪು ಎಳೆ ಇದೆಯಾ ಇಲ್ವಾ ಅಂತ. ಹಾಲು ಬಿಟ್ಟೆ. ಮೊಸರು, ಬೆಣ್ಣೆ, ತುಪ್ಪ ಬಿಟ್ಟೆ. ಮೊಟ್ಟೆ ಬಿಡಿ ಅಂದ್ರು, ಬಿಟ್ಟೆ. ಸೋಯಾ ಅಂದ್ರು, ಅದನ್ನೇನು ನಾನು ದಿನಾ ತಿಂತಿದ್ನಾ? ಆದ್ರೂ ಬಿಟ್ಟೆ. ಬಿಸ್ಕತ್ತಲ್ಲೂ ಹಾಲಿನ ಪುಡಿ ಇರುತ್ತಂತೆ, ಬ್ರೆಡ್ಡಲ್ಲೂ ಇರುತ್ತಂತೆ. ಪ್ಯಾಕೆಟ್ಟು ತಿರುಗಿಸಿ ತಿರುಗಿಸಿ ಓದ್ತಾ ನಿಂತ್ರೆ ಅಂಗಡಿಯವನು ‘ಏನಮ್ಮಾ, ಪರೀಕ್ಷೆ ಹತ್ರ ಬಂತಾ?’ ಅಂತಾನೆ. ಈಗ ಉಳಿದಿರೋದು ಅನ್ನ, ಬೇಳೆ, ಕುಂಬಳಕಾಯಿ, ಆಲೂಗಡ್ಡೆ. ನನಗೆ ಬಾಯಿಚಪಲ ಇಲ್ಲ ಅಜ್ಜಿ, ಅದಕ್ಕೆ ಅಳಲ್ಲ ನಾನು. ಆದ್ರೆ ಇಡೀ ಕಾರ್ಖಾನೆಗೆ ಬಡಿಸೋ ಕೈ ಇದು. ನನ್ನ ಮಗಳಿಗೆ ಮಾತ್ರ ನನ್ನ ಊಟ ಆಗಿಬರಲ್ಲ ಅಂದ್ರೆ ಹೇಗಾಗುತ್ತೆ ಹೇಳಿ? ಇನ್ನೊಂದು ಸಲ ನೋಡೋಣ, ನಿಲ್ಲದಿದ್ರೆ ಎದೆಹಾಲು ಬಿಡಿಸಿ ಡಬ್ಬಿ ಪುಡಿ ಶುರು ಮಾಡೋಣ ಅಂದಿದ್ದಾರೆ ಡಾಕ್ಟರಮ್ಮ. ಅದರಲ್ಲೇ ಚೆನ್ನಾಗಿ ಬೆಳೆದ ಮಕ್ಕಳು ಎಷ್ಟೋ ಇದ್ದಾವೆ, ಹೆದರಬೇಡಿ ಅಂತಾನೂ ಅಂದ್ರು. ನಂಗೊತ್ತು. ಆದ್ರೂ...”

ಆ ‘ಆದ್ರೂ’ ಅಲ್ಲಿಗೇ ನಿಂತಿತು. ನನ್ನ ಮುಂದಿದ್ದ ಹುರುಳಿಕಾಯಿ ಬುಟ್ಟಿಯನ್ನು ತನ್ನತ್ತ ಎಳೆದುಕೊಂಡು ನಾರು ತೆಗೆಯತೊಡಗಿದಳು. ತರಕಾರಿ ಹೆಚ್ಚುವುದು ನನ್ನ ಕೆಲಸ, ಅವಳದ್ದಲ್ಲ. ಅವಳು ನಮ್ಮ ಕ್ಯಾಂಟೀನಿನ ಮುಖ್ಯ ಅಡುಗೆಯವಳು.

ನಮ್ಮದು ಬಟ್ಟೆ ಹೊಲಿಯುವ ಕಾರ್ಖಾನೆಯ ಕ್ಯಾಂಟೀನು. ಬೆಳಗ್ಗೆ ಗೋಧಿ ನುಚ್ಚಿನ ಹಾಲುಗಂಜಿ, ಮಧ್ಯಾಹ್ನ ಅನ್ನದ ಜೊತೆ ಎರಡು ಬಗೆ, ಅದರಲ್ಲಿ ಒಂದು ಕೆನೆ ಹಾಕಿ ಬೇಯಿಸಿದ ತರಕಾರಿ, ಸಂಜೆ ಹಂಡೆ ತುಂಬ ಚಹಾ. ಇಷ್ಟನ್ನೂ ಆಳುವವಳು ಇವಳು. ಸೌಟು ಹಿಡಿದ ಮೇಲೆ ಕೆಳಗಿಡುವವಳಲ್ಲ, ಮ್ಯಾನೇಜರು ಬಂದರೂ ಸೌಟು ತೋರಿಸಿಯೇ ಮಾತಾಡುವವಳು. ಹಾಗಾಗಿ ಹೊಲಿಗೆಯವರೆಲ್ಲ ಅವಳನ್ನು ಸೌಟಮ್ಮ ಅನ್ನುತ್ತಾರೆ. ಅವಳಿಗೂ ಅದು ಇಷ್ಟವೇ.

ಅವಳ ಕೈರುಚಿಯ ಗುಟ್ಟು ಅವಳ ಎಡ ಅಂಗೈಯಲ್ಲಿತ್ತು. ಪಾತ್ರೆ ಕುದಿ ಬಂತೋ, ಸೌಟಿನ ತುದಿಯಿಂದ ಅಂಗೈ ಕುಳಿಗೆ ಎರಡು ಹನಿ ಬಿಟ್ಟುಕೊಂಡು, ಉಫ್ ಎಂದು ಊದಿ, ನಾಲಿಗೆ ತಾಗಿಸಿ, ಕೈಯನ್ನು ನಲ್ಲಿಗೆ ಹಿಡಿಯುವಳು. ಸೌಟು ಬಾಯಿಗೆ ತಾಗಬಾರದು, ಎಂಜಲು ಪಾತ್ರೆಗೆ ಹೋಗಬಾರದು ಎಂದು ಅವಳಿಗೆ ಕೆಲಸ ಕಲಿಸಿದ ಹಿರಿಯ ಅಡುಗೆಯವರು ಹಾಕಿಕೊಟ್ಟ ರೂಢಿ. ಮಾತು ನಡೆದಿರುತ್ತದೆ, ಯಾರನ್ನೋ ಗದರಿಸುತ್ತಿರುತ್ತಾಳೆ, ಕೈ ತನ್ನ ಪಾಡಿಗೆ ತಾನು ಹೋಗಿ ಬರುತ್ತದೆ. ನಾವು ಕಣ್ಣು ಮಿಟುಕಿಸಿದ್ದನ್ನು ನೆನಪಿಟ್ಟುಕೊಳ್ಳುತ್ತೇವೆಯೇ? ಹಾಗೆ.

ಮಗಳು ಹುಟ್ಟಿದ್ದು ಮದುವೆಯಾಗಿ ಎಷ್ಟೋ ಕಾಲದ ಮೇಲೆ. ಕಡ್ಡಿಯಂಥ ಕೈಕಾಲು, ಸದಾ ತೆರೆದ ಬಾಯಿ. ಮನೆಯಲ್ಲಿ ಗುಬ್ಬಿ ಅನ್ನುತ್ತಾರೆ. ಹೆರಿಗೆ ರಜೆಯಲ್ಲಿದ್ದಾಗಲೇ ಗುಬ್ಬಿಯ ಮಲದಲ್ಲಿ ರಕ್ತದ ಎಳೆ ಕಾಣಿಸಿತು. ಮೈಮೇಲೆ ಒರಟು ಗಂಧೆ, ಹಾಲು ಕುಡಿದ ಮೇಲೆ ಬೆನ್ನು ಬಿಲ್ಲಾಗಿಸಿ ಅಳು. ತಾಯಿ ತಿಂದ ಹಸುವಿನ ಹಾಲಿನ ಅಂಶ ಎದೆಹಾಲಿನಲ್ಲಿ ಒಂದಿಷ್ಟು ಇಳಿಯುತ್ತದೆ, ಈ ಮಗುವಿನ ಕರುಳಿಗೆ ಅದು ಆಗಿಬರುವುದಿಲ್ಲ ಎಂದರು ಡಾಕ್ಟರಮ್ಮ. ಸೌಟಮ್ಮ ಹಾಲಿನದ್ದೆಲ್ಲ ಬಿಟ್ಟಳು. ವಾರಗಳು ಕಳೆದ ಮೇಲೆ ಬಟ್ಟೆ ಸ್ವಚ್ಛವಾಯಿತು, ಗುಬ್ಬಿ ನಗತೊಡಗಿತು. ರಜೆ ಮುಗಿದು ಇವಳು ಕೆಲಸಕ್ಕೆ ಬಂದಳು. ಸ್ವಲ್ಪ ದಿನದಲ್ಲಿ ಎಳೆ ಮತ್ತೆ ಬಂತು. ಹಾಲು ಬಿಟ್ಟರೆ ಸಾಲದೇನೋ ಎಂದು ಮೊಟ್ಟೆ, ಸೋಯಾ ಒಂದೊಂದಾಗಿ ಹೋದವು. ಎಳೆ ಮಾತ್ರ ಹೋಗಲಿಲ್ಲ.

ಅವಳು ಕೆಲಸಕ್ಕೆ ಬಂದಾಗ ಮನೆಯ ಅಡುಗೆ ಅತ್ತೆಯ ಕೈಗೆ ಹೋಗಿತ್ತು. ಅನುಮಾನ ಹೋಗಿ ಕೂತದ್ದು ಅಲ್ಲಿಯೇ. ಅತ್ತೆ ಹಳೇ ಕಾಲದವರು. ಬಾಣಂತಿ ತುಪ್ಪ ತಿನ್ನದೆ ಹಾಲು ಎಲ್ಲಿಂದ ಬರಬೇಕು ಎಂದು ಮೊದಲಿಂದಲೂ ಗೊಣಗುತ್ತಿದ್ದವರು.

“ಕದ್ದು ಹಾಕ್ತಿದ್ದಾರೆ ಅಜ್ಜಿ. ಅನ್ನ ಮೊನ್ನೆ ಯಾಕೋ ಹೊಳೀತಿತ್ತು.”

“ಕೇಳಿದ್ಯಾ?”

“ಕೇಳಿದೆ. ಕೇಳಬಾರದ ಥರಾನೇ ಕೇಳಿದೆ.”

ಅತ್ತೆ ಕೂಗಾಡಲಿಲ್ಲವಂತೆ. “ನಿನ್ನ ತಟ್ಟೆಗೆ ಹಾಕಿದ್ದು ನನ್ನ ಮೊಮ್ಮಗಳ ಬಾಯಿಗೇ ಹೋಗೋದು ಅಂತ ನನಗೆ ಗೊತ್ತಿಲ್ವೇನೇ?” ಎಂದಷ್ಟೇ ಹೇಳಿ, ತುಪ್ಪದ ಡಬ್ಬಿಯನ್ನು ಪಕ್ಕದ ಮನೆಯವರಿಗೆ ಕೊಟ್ಟುಬಂದರಂತೆ. ಹಾಲು ತರಿಸುವುದನ್ನೇ ನಿಲ್ಲಿಸಿದರು. ಎದ್ದ ಕೂಡಲೇ ಒಂದು ಲೋಟ ಗಟ್ಟಿ ಚಹಾ ಬೀಳದಿದ್ದರೆ ಯಾರೊಡನೆಯೂ ಮಾತಾಡದ ಹೆಂಗಸು ಕರೀ ಚಹಾ ಕುಡಿಯತೊಡಗಿದರು. ಸೌಟಮ್ಮನ ಗಂಡ ಬಸ್ ಡ್ರೈವರು. ಇಬ್ಬರ ನಡುವೆ ಬಾಯಿ ಹಾಕಿದರೆ ತನ್ನ ಗತಿ ನೆಟ್ಟಗಿರುವುದಿಲ್ಲವೆಂದು ಮಗುವನ್ನು ಎತ್ತಿಕೊಂಡು ಹೊರಗೆ ಹೋಗುತ್ತಿದ್ದನಂತೆ. ಮನೆಯಲ್ಲಿ ಹನಿ ಹಾಲಿಲ್ಲ, ಆದರೂ ಬಟ್ಟೆಯಲ್ಲಿ ಎಳೆ. ಡಾಕ್ಟರಮ್ಮ ಕೊಟ್ಟ ಗಡುವು ಹತ್ತಿರ ಬರುತ್ತಿತ್ತು.

ಗುಬ್ಬಿಯನ್ನು ಹಾಲು ಕುಡಿಸಲು ಅತ್ತೆಯೇ ದಿನಾ ಕ್ಯಾಂಟೀನಿಗೆ ತರುತ್ತಿದ್ದರು. ಹಿಂದಿನ ಮೆಟ್ಟಿಲ ಮೇಲೆ ಕೂತು, ಸೊಸೆ ಬಂದು ಕುಡಿಸಿ ಹೋದ ಮೇಲೆ ಎದ್ದು ಹೋಗುವರು. ಜಗಳವಾದಂದಿನಿಂದ ಇಬ್ಬರ ನಡುವೆ ಮಗುವಿನ ಮೂಲಕವೇ ಮಾತು. “ಗುಬ್ಬೀ, ನಿಮ್ಮಮ್ಮಂಗೆ ಹೇಳು, ಟೊಪ್ಪಿ ಮರೆತು ಬಂದಿದ್ದೀನಿ ಅಂತ.” “ಗುಬ್ಬೀ, ಅಜ್ಜೀಗೆ ಹೇಳು, ಪರವಾಗಿಲ್ಲ ಅಂತ.” ಪಾಪ, ಅದಕ್ಕೆ ಇನ್ನೂ ಬಾಯಿಗೆ ಬೆರಳು ಸರಿಯಾಗಿ ಹೋಗುತ್ತಿರಲಿಲ್ಲ, ಆಗಲೇ ಎರಡೂ ಕಡೆಯ ವಕೀಲಿ.

ಒಂದು ದಿನ ಮೆಟ್ಟಿಲ ಮೇಲೆ ಬಿಸಿಲು ಜೋರಾಗಿತ್ತು. ನಾನೇ ಕರೆದು ಅತ್ತೆಯನ್ನು ಒಳಗೆ ನನ್ನ ಪಕ್ಕ ಸ್ಟೂಲಿನ ಮೇಲೆ ಕೂರಿಸಿದೆ. ಎದುರಿಗೇ ಒಲೆ. ಸೌಟಮ್ಮ ಕೆನೆ ಹಾಕಿದ ಆಲೂಗಡ್ಡೆ ಕಲಕುತ್ತಾ, ಅನ್ನದ ಗಂಜಿ ಬಸಿಯುವವಳಿಗೆ ಏನೋ ಕೂಗಿ ಹೇಳುತ್ತಾ, ಅಂಗೈಗೆ ಎರಡು ಹನಿ ಬಿಟ್ಟುಕೊಂಡು ನೆಕ್ಕಿದಳು. ಉಪ್ಪು ಉದುರಿಸಿದಳು. ಮತ್ತೊಮ್ಮೆ ನೆಕ್ಕಿದಳು.

“ಈಗ ಬಾಯಿಗೆ ಏನು ಹಾಕ್ಕೊಂಡೆ?” ಅತ್ತೆ ಈ ಸಲ ಗುಬ್ಬಿಯನ್ನು ನಡುವೆ ತರಲಿಲ್ಲ.

“ಯಾವಾಗ?”

“ಈಗ. ಎರಡು ಸಲ.”

“ನಾನಾ? ಏನೂ ಇಲ್ಲ. ಬೆಳಗ್ಗೆ ಅನ್ನ ತಿಂದು ಬಂದಿದ್ದೀನಿ, ನೀವೇ ಬಡಿಸಿದ್ದು.”

“ಕೈ ನೋಡ್ಕೋ.”

ಸೌಟಮ್ಮ ಎಡಗೈ ನೋಡಿಕೊಂಡಳು. ಇನ್ನೂ ತೊಳೆದಿರಲಿಲ್ಲ. ಅಂಗೈಯ ಗೆರೆಗಳಲ್ಲಿ ಬಿಳಿ ಕೆನೆ ನಿಂತಿತ್ತು.

“ಇದು... ಉಪ್ಪು ನೋಡಿದ್ದು ಅತ್ತೆ,” ಎಂದಳು. ಹೇಳುತ್ತಾ ಹೇಳುತ್ತಾ ಅವಳ ಮುಖ ಇಳಿಯಿತು. ಬೆಳಗಿನ ಗಂಜಿ, ಮಧ್ಯಾಹ್ನದ ಕೆನೆ, ಸಂಜೆ ಚಹಾದ ಸಕ್ಕರೆ, ಎಲ್ಲವೂ ಆ ಅಂಗೈ ಮೇಲೆಯೇ ಹಾದುಹೋಗುತ್ತಿದ್ದವು. ಅವಳೊಂದಿಗೆ ದಿನವಿಡೀ ಕೂರುವ ನಮಗೂ ಅದು ತಿಂದದ್ದು ಅಂತ ಅನ್ನಿಸಿರಲಿಲ್ಲ. ಅಡುಗೆಮನೆಯಲ್ಲಿ ಅದಕ್ಕೆ ತಿನ್ನುವುದು ಅಂತ ಯಾರು ಅನ್ನುತ್ತಾರೆ?

ಅತ್ತೆ ಎದ್ದುಬಂದು, ಅವಳ ಮಣಿಕಟ್ಟು ಹಿಡಿದು ನಲ್ಲಿಯ ಕೆಳಗೆ ನೂಕಿದರು. “ಮೊದ್ಲು ತೊಳಿ. ಅಳೋದು ಆಮೇಲೆ.”

ಡಾಕ್ಟರಮ್ಮನಿಗೆ ಹೇಳಿದಾಗ ಅವರು ಪೆನ್ನು ಕೆಳಗಿಟ್ಟು ನಕ್ಕರಂತೆ. ಅದೇ ಇರಬಹುದು, ಖಚಿತ ಹೇಳಲಾರೆ, ಇನ್ನಷ್ಟು ವಾರ ಕೊಟ್ಟು ನೋಡೋಣ ಎಂದರಂತೆ.

ಅಲ್ಲಿಂದ ಶುರುವಾಯಿತು ನೋಡಿ ಕ್ಯಾಂಟೀನಿನ ಪಾಡು. ರುಚಿ ನೋಡದೆ ಅಡುಗೆ ಮಾಡುವುದು ಅವಳಿಗೆ ಕಣ್ಣು ಕಟ್ಟಿ ಬಿಟ್ಟ ಹಾಗಾಯಿತು. ಕೈ ಅಭ್ಯಾಸ ಬಿಡಲೊಲ್ಲದು, ಹಾಲಿನದ್ದು ಯಾವುದು ಅಲ್ಲದ್ದು ಯಾವುದು ಎಂದೂ ನೋಡದು. ಕೊನೆಗೆ ಎಡ ಅಂಗೈಗೆ ಬಟ್ಟೆ ಸುತ್ತಿಕೊಂಡಳು. ಮೊದಲ ದಿನ ಬೇಳೆ ಉಪ್ಪಿನ ಗಣಿ. ಕತ್ತರಿ ವಿಭಾಗದವನೊಬ್ಬ ತಟ್ಟೆ ಹಿಡಿದು ಬಂದು, “ಸೌಟಮ್ಮಾ, ಸಮುದ್ರ ಎಷ್ಟು ದೂರ ಇಲ್ಲಿಂದ?” ಎಂದ. ಮರುದಿನ ಎಲ್ಲವೂ ಸಪ್ಪೆ. ನಾನು ರುಚಿ ನೋಡೋಣವೆಂದರೆ ನನ್ನ ನಾಲಿಗೆಗೆ ವಯಸ್ಸಾಗಿದೆ, ಉಪ್ಪೂ ಒಂದೇ ಸಕ್ಕರೆಯೂ ಒಂದೇ. ಬಡಿಸುವವಳಿಗೆ ಕೊಟ್ಟರೆ ಎಲ್ಲದಕ್ಕೂ “ಚೆನ್ನಾಗಿದೆ ಅಕ್ಕ”.

“ನನಗೆ ಕೊಡು,” ಅಂದರು ಸ್ಟೂಲಿನ ಮೇಲಿದ್ದ ಅತ್ತೆ. ಕೈಯೊಡ್ಡಿದರು, ಊದಿದರು, ನೆಕ್ಕಿದರು. “ಉಪ್ಪು ಇನ್ನೊಂದು ಚಿಟಿಕೆ. ಆಲೂಗಡ್ಡೆ ಬೆಂದಿಲ್ಲ. ಮೆಣಸು ಯಾರಿಗೆ ಉಳಿಸ್ತಿದ್ದೀಯ?”

ಅಂದಿನಿಂದ ಅತ್ತೆ ಬೆಳಗ್ಗೆಯೇ ಗುಬ್ಬಿಯೊಂದಿಗೆ ಬಂದು ಸಂಜೆ ಚಹಾ ಇಳಿಯುವವರೆಗೂ ಕೂರತೊಡಗಿದರು. ಮ್ಯಾನೇಜರು ಮೊದಲು ಹುಬ್ಬು ಗಂಟಿಕ್ಕಿದರು, ಊಟ ಮಾಡಿದ ಮೇಲೆ ಸುಮ್ಮನಾದರು. ಹೊಲಿಗೆಯ ಹೆಂಗಸರಿಗಂತೂ ಹಬ್ಬ. “ನಮ್ಮ ಮನೇಲಿ ಅತ್ತೆ ನಾಲಿಗೆಗೆ ಹೆದರಿ ಸಾಯ್ತೀವಿ, ನೀನು ಅದನ್ನ ಕೆಲಸಕ್ಕೇ ಇಟ್ಕೊಂಡಿದ್ದೀಯಲ್ಲೇ ಸೌಟಮ್ಮಾ!”

“ಕೇಳಿಸ್ತು,” ಅಂದರು ಅತ್ತೆ. “ನಿನ್ನ ತಟ್ಟೆಗೆ ಅರ್ಧ ಸೌಟು ಕಮ್ಮಿ.”

ಎಳೆ ಒಂದೇ ದಿನದಲ್ಲಿ ಹೋಗಲಿಲ್ಲ. ತೆಳುವಾಯಿತು, ಒಂದು ದಿನ ಕಾಣದೆ ಮತ್ತೊಂದು ದಿನ ಕಂಡು ಹೆದರಿಸಿತು. ಸೌಟಮ್ಮ ದಿನಾ ಬಂದವಳೇ ನನ್ನ ಕಡೆ ನೋಡಿ ತಲೆ ಆಡಿಸುವಳು, ಇಲ್ಲ ಅಥವಾ ಇದೆ ಎಂದು. ಆಮೇಲೆ ಇಲ್ಲ ಎಂಬ ದಿನಗಳೇ ಹೆಚ್ಚಾದವು. ಗುಬ್ಬಿಯ ಕೆನ್ನೆಯ ಗಂಧೆ ಮಾಸಿತು. ಡಬ್ಬಿ ಪುಡಿಯ ಮಾತು ಸದ್ಯಕ್ಕೆ ಬೇಡ ಎಂದರು ಡಾಕ್ಟರಮ್ಮ. ಮೊಟ್ಟೆಯನ್ನು ಬೇಕಾದರೆ ಮತ್ತೆ ತಿಂದು ನೋಡಿ ಎಂದೂ ಹೇಳಿದರಂತೆ. ಇವಳಿಗೇ ಇನ್ನೂ ಧೈರ್ಯ ಬಂದಿಲ್ಲ.

ಅತ್ತೆಯ ಹತ್ತಿರ ತಪ್ಪಾಯಿತು ಅಂದಳೋ ಇಲ್ಲವೋ ನನಗೆ ಗೊತ್ತಿಲ್ಲ. ಕಳೆದ ವಾರ, ರಜೆಯ ದಿನ, ಅವರ ಮನೆಗೆ ಹೋಗಿದ್ದೆ. ಒಲೆಯ ಮೇಲೆ ಒಂದು ಪುಟ್ಟ ಪಾತ್ರೆಯಲ್ಲಿ ಹಾಲು ಉಕ್ಕುತ್ತಿತ್ತು. ಸೌಟಮ್ಮ ಗಟ್ಟಿ ಚಹಾ ಮಾಡಿ, ರುಚಿ ನೋಡದೆ, ಲೋಟಕ್ಕೆ ಬಗ್ಗಿಸಿ ಅತ್ತೆಯ ಮುಂದೆ ಇಟ್ಟಳು. ಅವರು ಲೋಟವನ್ನೂ ಸೊಸೆಯನ್ನೂ ನೋಡಿದರು. ಒಂದು ಗುಟುಕು ಕುಡಿದರು.

“ಸಕ್ಕರೆ ಜಾಸ್ತಿ,” ಅಂದರು. ಲೋಟ ಮಾತ್ರ ಖಾಲಿಯಾಗುವವರೆಗೆ ಕೆಳಗಿಡಲಿಲ್ಲ.

ಸೌಟಮ್ಮ ಹಾಲಿನ ಪಾತ್ರೆ ತೊಳೆದಿಟ್ಟು, ಕೈಗೆ ಸೋಪು ಹಚ್ಚಿ ಎರಡೆರಡು ಸಲ ಉಜ್ಜಿದಳು. ಆಮೇಲೆ ಗುಬ್ಬಿಯ ಬಟ್ಟೆಗಳ ಬಕೆಟ್ಟನ್ನು ಬಚ್ಚಲಿಗೆ ಎಳೆದುಕೊಂಡಳು. ಮೇಲಿನದ್ದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ನನ್ನ ಕಡೆ ತಿರುಗಿ ಇಲ್ಲವೆಂದು ತಲೆಯಾಡಿಸಿ, ನೀರಿಗೆ ಹಾಕಿ ಕುಕ್ಕಿ ಕುಕ್ಕಿ ಒಗೆಯತೊಡಗಿದಳು.